ಹೊಟ್ಟೆ ಮುಚ್ಚದೆ ಹುಟ್ಟುವ ಮಕ್ಕಳು: ಒಂದಕ್ಕೆ ತಕ್ಷಣ ಆಪರೇಷನ್, ಇನ್ನೊಂದಕ್ಕೆ ಬರೀ ಮುಲಾಮು ಯಾಕೆ?

"ಕರುಳು ಹೊರಗಿರುವ ಮಗು ಜನನ" ಅನ್ನೋ ಸುದ್ದಿ ಹಾಸನ, ಚಿಕ್ಕಮಗಳೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತದೆ. ಮೊದಲ ದಿನ ಫೋಟೋ. ಆಮೇಲೆ "ಶಸ್ತ್ರಚಿಕಿತ್ಸೆ ಯಶಸ್ವಿ". ಕೆಲವು ಸಲ ಎರಡು ವಾರ ಬಿಟ್ಟು ಮಗು ಉಳಿಯಲಿಲ್ಲ ಅಂತ ಒಂದು ಸಾಲು. ಯಶಸ್ವಿ ಆಗಿದ್ದರೆ ಮಗು ಯಾಕೆ ಹೋಯಿತು ಅಂತ ಜನ ಕೇಳ್ತಾರೆ, ಯಾರೂ ಉತ್ತರ ಕೊಡೋದಿಲ್ಲ. ಇನ್ನೊಂದು ಥರದ ಸುದ್ದಿಯೂ ಬರುತ್ತದೆ. ಹೊಟ್ಟೆಯ ಮೇಲೆ ದೊಡ್ಡ ಗಂಟು ಇಟ್ಟುಕೊಂಡು ಹುಟ್ಟಿದ ಮಗುವಿಗೆ ಡಾಕ್ಟರು ಆಪರೇಷನ್ನೇ ಮಾಡದೆ, ಮುಲಾಮು ಹಚ್ಚಿ ಮನೆಗೆ ಕಳಿಸಿದರಂತೆ, ಎಂಥಾ ನಿರ್ಲಕ್ಷ್ಯ ನೋಡಿ ಅಂತ.

ಎರಡೂ ಸುದ್ದಿಯಲ್ಲಿ ಗೊಂದಲಕ್ಕೆ ಕಾರಣ ಒಂದೇ. ನಾವು ಆಪರೇಷನ್ ಒಂದನ್ನೇ ಚಿಕಿತ್ಸೆ ಅಂದುಕೊಂಡಿದ್ದೇವೆ. ಈ ಮಕ್ಕಳ ವಿಷಯದಲ್ಲಿ ಆಪರೇಷನ್ ಥಿಯೇಟರ್‌ನಲ್ಲಿ ಕಳೆಯುವ ಒಂದೆರಡು ಗಂಟೆಗಿಂತ, ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ಆಮೇಲಿನ ಮೂರು ನಾಲ್ಕು ವಾರವೇ ಜಾಸ್ತಿ ತೀರ್ಮಾನ ಮಾಡುತ್ತವೆ. ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಕರುಳು ಹೊರಗೆ ಹೋಗೋದು ಸಹಜವೇ

ಇದನ್ನು ಕೇಳಿದರೆ ಆಶ್ಚರ್ಯ ಆಗಬಹುದು. ಹೊಟ್ಟೆಯಲ್ಲಿರುವ ಪ್ರತಿ ಮಗುವಿನ ಕರುಳೂ ಒಂದು ಹಂತದಲ್ಲಿ ಹೊರಗೆ ಇರುತ್ತದೆ. ಸುಮಾರು ಆರನೇ ವಾರದ ಹೊತ್ತಿಗೆ ಕರುಳು ಬೇಗ ಬೇಗ ಬೆಳೆಯುತ್ತದೆ, ಆ ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲದೆ ಹೊಕ್ಕುಳಬಳ್ಳಿಯ ಒಳಗೆ ಹೋಗಿ ಕೂರುತ್ತದೆ. ಹತ್ತರಿಂದ ಹನ್ನೆರಡನೇ ವಾರದ ಒಳಗೆ ವಾಪಸ್ ಬರುತ್ತದೆ. ಹಾಗಾಗಿ ಒಂಬತ್ತು ಹತ್ತನೇ ವಾರದ ಸ್ಕ್ಯಾನ್‌ನಲ್ಲಿ ಬಳ್ಳಿಯೊಳಗೆ ಕರುಳು ಕಂಡರೆ ಅದಕ್ಕೆ ಗಾಬರಿ ಬೀಳಬೇಕಿಲ್ಲ. ಹನ್ನೆರಡು ವಾರ ದಾಟಿದ ಮೇಲೂ ಹಾಗೇ ಇದ್ದರೆ ಮಾತ್ರ ಯೋಚನೆ ಮಾಡಬೇಕು.

ವಾಪಸ್ ಬರದೆ ಬಳ್ಳಿಯಲ್ಲೇ ಉಳಿದುಬಿಟ್ಟರೆ ಅದು ಆಂಫಲೋಸೀಲ್. ಗಂಟು ಹೊಕ್ಕುಳಿನ ಜಾಗದಲ್ಲೇ ಇರುತ್ತದೆ, ಅದರ ಮೇಲೆ ತೆಳ್ಳಗಿನ, ಒಳಗಿನದು ಕಾಣುವಂಥ ಪೊರೆ ಇರುತ್ತದೆ. ದೊಡ್ಡದಾದರೆ ಕರುಳಿನ ಜೊತೆ ಲಿವರ್ ಕೂಡ ಹೊರಗೆ. ಗ್ಯಾಸ್ಟ್ರೋಸ್ಕೈಸಿಸ್ ಬೇರೆಯದೇ ತೊಂದರೆ. ಅಲ್ಲಿ ಹೊಕ್ಕುಳು ತನ್ನ ಜಾಗದಲ್ಲಿ ಸರಿಯಾಗಿಯೇ ಇರುತ್ತದೆ, ಅದರ ಪಕ್ಕ, ಸಾಮಾನ್ಯವಾಗಿ ಬಲಗಡೆ, ಒಂದು ತೂತು. ಕರುಳು ಅದರಿಂದ ನೇರ ಹೊರಗೆ ಬಂದಿರುತ್ತದೆ, ಮೇಲೆ ಪೊರೆ ಗಿರೆ ಏನೂ ಇಲ್ಲ. ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ನೆನೆದು ಕರುಳು ದಪ್ಪಗಾಗಿ, ಊದಿಕೊಂಡು, ಒಂದಕ್ಕೊಂದು ಅಂಟಿಕೊಂಡಿರುತ್ತದೆ.

ಪೊರೆ ಇದೆಯಾ ಇಲ್ಲವಾ? ಚಿಕಿತ್ಸೆಯ ಅವಸರ ಎಷ್ಟು ಅನ್ನೋದು ಇದರ ಮೇಲೆ ನಿಂತಿದೆ. ಪೊರೆ ಇಲ್ಲದ ಮಗುವಿನ ಮೈಯಿಂದ ಶಾಖ ಮತ್ತು ನೀರು ಒಂದೇ ಸಮ ಹೊರಗೆ ಹೋಗುತ್ತಿರುತ್ತದೆ, ಸೋಂಕಿಗೆ ಬಾಗಿಲು ತೆಗೆದೇ ಇರುತ್ತದೆ, ತೂತಿನ ಅಂಚಿನಲ್ಲಿ ಕರುಳು ಮಡಚಿಕೊಂಡು ರಕ್ತ ನಿಂತು ಹೋಗಬಹುದು. ಅದಕ್ಕೆ ತಕ್ಷಣ ಕೈ ಹಾಕಲೇಬೇಕು. ಪೊರೆ ಹರಿಯದೆ ಇರುವ ಮಗುವಿಗೆ ಸಮಯ ಇದೆ. ಆದರೆ ಅದಕ್ಕೆ ಬೇರೆ ಸಮಸ್ಯೆಗಳು ಜಾಸ್ತಿ. ಆಂಫಲೋಸೀಲ್ ಇರುವ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಹೃದಯದ್ದೋ, ಕ್ರೋಮೋಸೋಮ್‌ದೋ, ಶ್ವಾಸಕೋಶದ್ದೋ ಇನ್ನೊಂದು ತೊಂದರೆ ಇರುತ್ತದೆ. ಗ್ಯಾಸ್ಟ್ರೋಸ್ಕೈಸಿಸ್ ಮಕ್ಕಳಲ್ಲಿ ಹತ್ತರಲ್ಲಿ ಒಂದಕ್ಕೆ ಕರುಳೇ ನಡುವೆ ಮುಚ್ಚಿಹೋಗಿರಬಹುದು, ಅದು ಬಿಟ್ಟರೆ ಬಹುಪಾಲು ಮಕ್ಕಳ ಉಳಿದ ಅಂಗಗಳು ಚೆನ್ನಾಗಿಯೇ ಇರುತ್ತವೆ. ಅಂದರೆ ಫೋಟೋದಲ್ಲಿ ನೋಡೋಕೆ ಭಯಂಕರವಾಗಿ ಕಾಣುವ ಮಗುವಿಗೇ ಎಷ್ಟೋ ಸಲ ಭವಿಷ್ಯ ಚೆನ್ನಾಗಿರುತ್ತದೆ!

ಒಳಗೆ ತಳ್ಳಿ ಹೊಲಿದುಬಿಟ್ಟರೆ ಆಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕೆಲವು ಮಕ್ಕಳಿಗೆ ಆಗುತ್ತದೆ, ಮೊದಲ ದಿನವೇ ಒಳಗಿಟ್ಟು ಮುಚ್ಚುತ್ತಾರೆ. ಎಲ್ಲರಿಗೂ ಯಾಕಾಗಲ್ಲ ಅಂದರೆ, ಕರುಳು ಒಳಗೆ ಇಲ್ಲದೆ ಬೆಳೆದ ಹೊಟ್ಟೆ ಸಣ್ಣದಾಗಿಯೇ ಉಳಿದಿರುತ್ತದೆ. ಐವತ್ತು ಕೆಜಿ ಚೀಲಕ್ಕೆ ಅರವತ್ತೈದು ಕೆಜಿ ಕಾಫಿ ತುರುಕಿ ದಬ್ಬಣದಲ್ಲಿ ಬಾಯಿ ಹೊಲಿದರೆ ಚೀಲ ಬಿರಿಯಬಹುದು, ಅಷ್ಟೇ. ಮಗುವಿನ ಹೊಟ್ಟೆಯೊಳಗೆ ಹಾಗೆ ಒತ್ತಡ ಏರಿದರೆ ಮೊದಲು ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತಿಕೊಂಡು ಉಸಿರಾಟ ಕಷ್ಟವಾಗುತ್ತದೆ, ಆಮೇಲೆ ಕಿಡ್ನಿಗೆ ರಕ್ತ ಕಡಿಮೆಯಾಗಿ ಮೂತ್ರ ನಿಲ್ಲುತ್ತದೆ, ಕೊನೆಗೆ ಯಾವ ಕರುಳನ್ನು ಉಳಿಸೋಕೆ ಹೊರಟಿದ್ದೆವೋ ಅದೇ ಕರುಳು ಕಪ್ಪಾಗುತ್ತದೆ.

ಇದಕ್ಕೆ ಉಪಾಯ ಸೈಲೋ. 1967ರಲ್ಲಿ ಷೂಸ್ಟರ್ ಅನ್ನುವ ಅಮೆರಿಕದ ಸರ್ಜನ್ ಈ ಹಂತ ಹಂತದ ದಾರಿ ತೋರಿಸಿದರು. ಈಗ ಬಳಸೋದು ಪಾರದರ್ಶಕ ಸಿಲಿಕೋನ್ ಚೀಲ, ಬಾಯಿಯಲ್ಲಿ ಸ್ಪ್ರಿಂಗ್ ಇರುವ ಬಳೆ. ಆ ಬಳೆಯನ್ನು ಮಡಚಿ ತೂತಿನೊಳಗೆ ತೂರಿಸಿದರೆ ಒಳಗೆ ಹೋಗಿ ಬಿಚ್ಚಿಕೊಂಡು ಕೂರುತ್ತದೆ. ಕರುಳೆಲ್ಲ ಚೀಲದೊಳಗೆ. ಚೀಲದ ತುದಿಯನ್ನು ವಾರ್ಮರ್‌ನ (ಮಗುವನ್ನು ಬೆಚ್ಚಗಿಡುವ ತೊಟ್ಟಿಲು) ಕಂಬಿಗೆ ನೆಟ್ಟಗೆ ಕಟ್ಟಿರುತ್ತಾರೆ, ಒಂದು ಕಡೆ ವಾಲಿದರೆ ಕರುಳಿನ ರಕ್ತನಾಳ ಹಿಸುಕಿಕೊಳ್ಳುತ್ತದೆ. ದಿನಾ ಚೀಲದ ಮೇಲ್ಭಾಗವನ್ನು ಸ್ವಲ್ಪ ಕೆಳಗೆ ಒತ್ತಿ, ಅಲ್ಲೊಂದು ದಾರ ಬಿಗಿಯುತ್ತಾರೆ. ಮಾರನೇ ದಿನ ಇನ್ನೊಂದು ದಾರ, ಇನ್ನೂ ಕೆಳಗೆ. ಕರುಳು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಹೊಟ್ಟೆ ನಿಧಾನಕ್ಕೆ ಹಿಗ್ಗುತ್ತದೆ. ಚೀಲ ಪಾರದರ್ಶಕ ಯಾಕೆ ಅಂದರೆ ನರ್ಸ್ ಗಂಟೆಗೊಮ್ಮೆ ಬಣ್ಣ ನೋಡಬೇಕು. ಗುಲಾಬಿ ಇದ್ದರೆ ಸರಿ, ನೇರಳೆಗೆ ತಿರುಗಿದರೆ ರಾತ್ರಿ ಎರಡು ಗಂಟೆಯಾದರೂ ಸರ್ಜನ್‌ನ ಎಬ್ಬಿಸಬೇಕು. ಸುಮಾರು ಒಂದು ವಾರದಲ್ಲಿ ಎಲ್ಲ ಒಳಗೆ ಹೋಗುತ್ತದೆ.

ತೂತು ಮುಚ್ಚುವುದಕ್ಕೂ ಎಲ್ಲ ಸಲ ಹೊಲಿಗೆ ಬೇಡ. ಉಳಿದ ಹೊಕ್ಕುಳಬಳ್ಳಿಯನ್ನೇ ತೂತಿನ ಮೇಲೆ ಮಡಚಿ, ಪ್ಲಾಸ್ಟಿಕ್ ಡ್ರೆಸಿಂಗ್ ಅಂಟಿಸಿ ಬಿಟ್ಟರೆ ಅದು ತಾನಾಗಿ ಕೂಡಿಕೊಳ್ಳುತ್ತದೆ ಅನ್ನುವ ವಿಧಾನ 2004ರಿಂದ ಬಳಕೆಗೆ ಬಂದಿದೆ. ಹೊಲಿಯುವ ವಿಧಾನದ ಪರ ಇರುವವರು ಇದರಲ್ಲಿ ಹೊಕ್ಕುಳ ಹರ್ನಿಯಾ ಜಾಸ್ತಿ ಅಂತಾರೆ. ಹೊಲಿಯದವರು, ಆ ಹರ್ನಿಯಾಗಳಲ್ಲಿ ಬಹಳಷ್ಟು ತಾವಾಗಿ ಮುಚ್ಚುತ್ತವೆ, ಮಗುವಿಗೆ ಅರಿವಳಿಕೆಯೂ ವೆಂಟಿಲೇಟರೂ ಕಡಿಮೆ ಸಾಕು ಅಂತಾರೆ. ವೆಂಟಿಲೇಟರ್ ಕಡಿಮೆ ಇರುವ ನಮ್ಮಂಥ ಕಡೆ ಎರಡನೆಯವರ ಮಾತಿಗೆ ತೂಕ ಜಾಸ್ತಿ ಅನ್ನಿಸುತ್ತದೆ.

ಮುಲಾಮು ಹಚ್ಚಿ ಕಾಯುವುದೂ ಚಿಕಿತ್ಸೆಯೇ

ಈಗ ಎರಡನೇ ಸುದ್ದಿಗೆ ಬರೋಣ. ಸಣ್ಣ ಆಂಫಲೋಸೀಲ್ ಆದರೆ ಮೊದಲ ಕೆಲವು ದಿನದಲ್ಲೇ ಮುಚ್ಚುತ್ತಾರೆ. ಐದು ಸೆಂಟಿಮೀಟರಿಗಿಂತ ದೊಡ್ಡದು, ಲಿವರ್ ಹೊರಗಿದೆ, ಶ್ವಾಸಕೋಶವೂ ಪುಟ್ಟದು ಅಂತಾದರೆ ಅದನ್ನು ಒಳಗೆ ತಳ್ಳೋದು ಮಗುವನ್ನು ಕೊಂದ ಹಾಗೆಯೇ. ಲಿವರ್ ಒತ್ತಿದರೆ ಹೃದಯಕ್ಕೆ ವಾಪಸ್ ಬರುವ ರಕ್ತವೇ ನಿಲ್ಲಬಹುದು. ಆದ್ದರಿಂದ ಪೊರೆಯನ್ನು ಕಾಪಾಡುತ್ತಾರೆ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮನ್ನೋ ಅಂಥದೇ ಬೇರೆ ಔಷಧಿಯನ್ನೋ ಹಚ್ಚಿ, ಗಾಜ್ ಬಟ್ಟೆ ಸುತ್ತಿ, ಮೇಲೆ ಮೆತ್ತಗೆ ಕ್ರೇಪ್ ಬ್ಯಾಂಡೇಜ್. ಪೊರೆ ಒಣಗಿ ಚಕ್ಕೆ ಕಟ್ಟುತ್ತದೆ, ಕಂದಾಗಿ ಕಪ್ಪಾಗುತ್ತದೆ. ನೋಡಿದವರು ಕೊಳೆತು ಹೋಯಿತು ಅಂದುಕೊಳ್ಳೋದು ಇದನ್ನೇ. ಅದರ ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ಸುತ್ತಲಿಂದ ಒಳಗೆ ಹಬ್ಬುತ್ತಾ ಬರುತ್ತದೆ, ಕೆಲವು ತಿಂಗಳಲ್ಲಿ ಪೂರ್ತಿ ಮುಚ್ಚುತ್ತದೆ.

ಯಾವ ಔಷಧಿ ಅನ್ನೋದೂ ಮುಖ್ಯ. ಹಿಂದೆ ಮರ್ಕ್ಯುರೋಕ್ರೋಮ್ ಬಳಸುತ್ತಿದ್ದರು, ಹಿಂದಿನವರಿಗೆ ಗೊತ್ತಿರುವ ಅದೇ ಕೆಂಪು ಔಷಧಿ. ಅದರಲ್ಲಿನ ಪಾದರಸ ಮೈಗೆ ಸೇರುತ್ತದೆ ಅಂತ ಗೊತ್ತಾದ ಮೇಲೆ ಬಿಟ್ಟರು. ಪೊವಿಡೋನ್ ಅಯೋಡಿನ್ ಜಾಸ್ತಿ ದಿನ ಹಚ್ಚಿದರೆ ಥೈರಾಯ್ಡ್ ಕೆಲಸ ಕೆಡಬಹುದು, ಅದಕ್ಕೇ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಅಂಗಡಿಯಿಂದ ತಂದ ಯಾವುದೋ ಟ್ಯೂಬ್, ಅರಿಶಿನ, ನಾಟಿ ಸೊಪ್ಪು ಇವೆಲ್ಲ ಬೇಡವೇ ಬೇಡ.

ಸ್ನಾಯುಗಳನ್ನು ಮತ್ತೆ ನಡುವಿಗೆ ತರುವ ಕೆಲಸ

ಚರ್ಮ ಬಂದರೆ ಮುಗಿಯಲಿಲ್ಲ. ಚರ್ಮದ ಕೆಳಗೆ ಸ್ನಾಯು ಇಲ್ಲ. ಹೊಟ್ಟೆಯ ಮಧ್ಯೆ ಸೇರಬೇಕಿದ್ದ ಎರಡು ಉದ್ದನೆಯ ಸ್ನಾಯುಗಳು ಆಚೀಚೆ ದೂರ ಉಳಿದಿರುತ್ತವೆ, ಮಗು ಅತ್ತರೆ ಹೊಟ್ಟೆಯ ಮುಂಭಾಗವೆಲ್ಲ ಉಬ್ಬಿ ಬರುತ್ತದೆ. ಲಿವರ್ ಚರ್ಮದ ಕೆಳಗೇ ಇರುವುದರಿಂದ ಬಿದ್ದರೆ ಏಟು ನೇರ ಅದಕ್ಕೇ. ಸಾಮಾನ್ಯವಾಗಿ ಮಗುವಿಗೆ ಒಂದರಿಂದ ಐದು ವರ್ಷದ ನಡುವೆ ನಿಜವಾದ ಮರುನಿರ್ಮಾಣದ ಆಪರೇಷನ್ ಆಗುತ್ತದೆ. ಸರ್ಜನ್‌ಗಳಲ್ಲೇ ಒಮ್ಮತ ಇಲ್ಲದ ಜಾಗ ಇದು.

ಒಂದು ದಾರಿ, ಪಕ್ಕೆಯ ಹೊರಪದರದ ಸ್ನಾಯುವಿನ ಪಟ್ಟಿಯನ್ನು ಉದ್ದಕ್ಕೆ ಬಿಡಿಸಿ, ಮಧ್ಯದ ಸ್ನಾಯುಗಳನ್ನು ಎರಡೂ ಕಡೆಯಿಂದ ಜಾರಿಸಿ ನಡುವೆ ಕೂಡಿಸೋದು. ದೊಡ್ಡವರ ಹರ್ನಿಯಾಗೆ 1990ರಲ್ಲಿ ರಾಮಿರೆಜ್ ಮತ್ತು ಜೊತೆಗಾರರು ವಿವರಿಸಿದ ವಿಧಾನ, ಮಕ್ಕಳಿಗೂ ಬಂತು. ಮಗುವಿನ ಸ್ವಂತ ಸ್ನಾಯುವೇ ಆದ್ದರಿಂದ ಮಗುವಿನ ಜೊತೆ ಬೆಳೆಯುತ್ತದೆ. ಆದರೆ ಅಂತರ ತುಂಬಾ ಇದ್ದರೆ ಎಳೆದರೂ ಸೇರದು. ಆಗ ಕೆಲವರು ಮೊದಲೇ ಸ್ನಾಯು ಪದರಗಳ ನಡುವೆ ಬಲೂನಿನಂಥ ಹಿಗ್ಗುಚೀಲ ಇಟ್ಟು, ವಾರವಾರ ಸಲೈನ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಇದಕ್ಕೆ ಆಸ್ಪತ್ರೆಗೆ ಪದೇ ಪದೇ ಬರಬೇಕು, ಸೋಂಕಾದರೆ ಎಲ್ಲ ತೆಗೆಯಬೇಕು. ಇತ್ತೀಚೆಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚಿ ಪಕ್ಕೆಯ ಸ್ನಾಯುಗಳನ್ನು ಕೆಲವು ವಾರ ಸಡಿಲ ಮಾಡಿಕೊಂಡು ಆಪರೇಷನ್ ಮಾಡುವುದೂ ಶುರುವಾಗಿದೆ. ಹೌದು, ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವ ಅದೇ ಬೊಟಾಕ್ಸ್.

ಮೂರನೆಯದು ಮೆಷ್. ದೊಡ್ಡವರ ಹರ್ನಿಯಾಗೆ ಹಾಕುವ ಬಲೆ ಗೊತ್ತಲ್ಲ, ಅದನ್ನೇ ಯಾಕೆ ಹಾಕಬಾರದು ಅಂತ ಕೇಳ್ತಾರೆ. ಹಾಕಬಹುದು, ಹಾಕುತ್ತಾರೆ ಕೂಡ. ಆದರೆ ಮಗು ಬೆಳೆಯುತ್ತದೆ, ಪ್ಲಾಸ್ಟಿಕ್ ಮೆಷ್ ಬೆಳೆಯುವುದಿಲ್ಲ. ಕೆಲವು ವರ್ಷದಲ್ಲಿ ಅಂಚು ಬಿಟ್ಟುಕೊಂಡು ಹರ್ನಿಯಾ ಮತ್ತೆ ಬರಬಹುದು, ಸೋಂಕಿನ ಭಯ ಬೇರೆ. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಜೈವಿಕ ಮೆಷ್‌ಗೆ ಸೋಂಕಿನ ಕಾಟ ಕಡಿಮೆ, ಬೆಲೆ ಜಾಸ್ತಿ, ಕ್ರಮೇಣ ಸಡಿಲವೂ ಆಗಬಹುದು. ಹಾಗಾಗಿ ಸಾಧ್ಯವಿದ್ದಷ್ಟು ಮಗುವಿನದೇ ಸ್ನಾಯು, ಬೇರೆ ದಾರಿ ಇಲ್ಲದಿದ್ದರೆ ಮೆಷ್ ಅನ್ನೋದು ಬಹಳ ಜನ ಸರ್ಜನ್‌ಗಳು ಹಿಡಿಯುವ ಕ್ರಮ.

ಆಂಫಲೋಸೀಲ್, ಗ್ಯಾಸ್ಟ್ರೋಸ್ಕೈಸಿಸ್ ಎರಡಕ್ಕಿಂತಲೂ ಅಪರೂಪದ್ದು ಮೂತ್ರಕೋಶ ತೆರೆದುಕೊಂಡೇ ಹುಟ್ಟುವುದು, ಸುಮಾರು 30ರಿಂದ 50 ಸಾವಿರ ಹೆರಿಗೆಗೆ ಒಂದು. ಅಲ್ಲಿ ಸೊಂಟದ ಮೂಳೆಯೂ ಮುಂದೆ ಕೂಡಿರುವುದಿಲ್ಲ, ಮುಚ್ಚೋಕೆ ಎಷ್ಟೋ ಸಲ ಮೂಳೆಯನ್ನೂ ಕತ್ತರಿಸಿ ತಿರುಗಿಸಬೇಕಾಗುತ್ತದೆ. ಈ ಮಗುವಿನ ಹೊಟ್ಟೆಗೆ ಒಣ ಗಾಜ್ ಇಡಬಾರದು, ಮೂತ್ರಕೋಶದ ಮೇಲ್ಮೈಗೆ ಅಂಟಿಕೊಂಡು ಸುಲಿಯುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಬಳ್ಳಿಗೆ ಗಟ್ಟಿ ಕ್ಲಿಪ್ ಬದಲು ದಾರ ಕಟ್ಟಬೇಕು, ಕ್ಲಿಪ್ ಉಜ್ಜಿ ಗಾಯ ಮಾಡುತ್ತದೆ. ಇಷ್ಟು ಸಣ್ಣ ವಿಷಯವನ್ನು ಹೆರಿಗೆ ಕೋಣೆಯ ನರ್ಸ್‌ಗಳಿಗೆ ಹೇಳಿಕೊಡೋದಕ್ಕೆ ದುಡ್ಡು ಬೇಕಾಗಿಲ್ಲ.

"ಯಶಸ್ವಿ" ಆದ ಮೇಲೆ ಏನಾಗುತ್ತದೆ

ಕರುಳು ಒಳಗೆ ಹೋಯಿತು ಅಂದ ಮಾತ್ರಕ್ಕೆ ಕೆಲಸ ಮಾಡಲ್ಲ. ಗ್ಯಾಸ್ಟ್ರೋಸ್ಕೈಸಿಸ್‌ನಲ್ಲಿ ಊದಿದ ಕರುಳು ಹಾಲು ಜೀರ್ಣ ಮಾಡೋಕೆ ಹಲವು ವಾರ ತೆಗೆದುಕೊಳ್ಳುತ್ತದೆ. ಬಾಯಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ದಿನಾ ಹಸಿರು ನೀರು ಬರುತ್ತದೆ. ಅದು ಕಡಿಮೆಯಾಗಿ ತಿಳಿಯಾಗುವವರೆಗೆ ಹಾಲಿಲ್ಲ. ಆಮೇಲೂ ಒಂದೆರಡು ಎಂಎಲ್ ತಾಯಿಹಾಲಿನಿಂದ ಶುರು. ಅಲ್ಲಿಯವರೆಗೆ ಗ್ಲೂಕೋಸ್, ಪ್ರೋಟೀನ್, ಕೊಬ್ಬು ಎಲ್ಲವೂ ದೊಡ್ಡ ರಕ್ತನಾಳಕ್ಕೆ ಹಾಕಿದ ತೆಳ್ಳಗಿನ ಕೊಳವೆಯ ಮೂಲಕವೇ ಹೋಗಬೇಕು. 1960ರ ದಶಕದ ಕೊನೆಗೆ ಈ ರಕ್ತನಾಳದ ಆಹಾರ ಬಳಕೆಗೆ ಬರದೆ ಇದ್ದಿದ್ದರೆ ಎಂಥ ಚೆಂದದ ಹೊಲಿಗೆ ಹಾಕಿದರೂ ಮಗು ಹಸಿವಿನಿಂದಲೇ ಹೋಗುತ್ತಿತ್ತು.

ಅದೇ ಕೊಳವೆ ಸೋಂಕಿನ ದಾರಿಯೂ ಹೌದು. ಒಬ್ಬ ನರ್ಸ್ ಎಂಟು ಮಕ್ಕಳನ್ನು ನೋಡುವ ವಾರ್ಡಿನಲ್ಲಿ ಕೈ ತೊಳೆಯೋದು ಒಂದು ಸಲ ತಪ್ಪಿದರೂ ರಕ್ತಕ್ಕೆ ಸೋಂಕು. ಆಪರೇಷನ್ ಯಶಸ್ವಿಯಾದ ಮಗು ಎರಡು ವಾರಕ್ಕೆ ಹೋಗುವುದು ಬಹಳ ಸಲ ಹೀಗೆ. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದಲ್ಲಿ ಗ್ಯಾಸ್ಟ್ರೋಸ್ಕೈಸಿಸ್ ಮಕ್ಕಳ ಸಾವು ಶ್ರೀಮಂತ ದೇಶಗಳಲ್ಲಿ ಶೇ 1.4, ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಶೇ 32. ಬಡ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತು. ಹೊಲಿಗೆ ಹಾಕುವ ಕೈಗಳಲ್ಲಿ ಇಷ್ಟು ವ್ಯತ್ಯಾಸ ಇರೋಕೆ ಸಾಧ್ಯವೇ ಇಲ್ಲ. ಭಾರತದ ಸರ್ಜನ್‌ಗಳು ಸೈಲೋ ಸಿಗದಿದ್ದರೆ ಶುದ್ಧೀಕರಿಸಿದ ಸಲೈನ್ ಚೀಲ, ಮೂತ್ರದ ಚೀಲದಲ್ಲೇ ಸೈಲೋ ಮಾಡಿ ಕೆಲಸ ನಡೆಸಿದ್ದಾರೆ. ಕೊರತೆ ಇರೋದು ಆಪರೇಷನ್ನಿನ ಹಿಂದೆ ಮುಂದೆ.

ಗ್ರಹಣ, ಕಳೆನಾಶಕ, ಯಾರ ತಪ್ಪು

ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದಳು, ಅದಕ್ಕೇ ಹೀಗಾಯಿತು ಅಂತ ಸೊಸೆಯ ಮೇಲೆ ಹಾಕುವವರು ಇನ್ನೂ ಇದ್ದಾರೆ. ಇದರಲ್ಲಿ ಹುರುಳಿಲ್ಲ. ಹೊಟ್ಟೆ ಮುಚ್ಚುವ ಕೆಲಸ ಮೊದಲ ಮೂರು ತಿಂಗಳಲ್ಲೇ, ಎಷ್ಟೋ ಸಲ ಬಸಿರು ಗೊತ್ತಾಗೋ ಹೊತ್ತಿಗೇ, ತಪ್ಪಿರುತ್ತದೆ. ಗ್ಯಾಸ್ಟ್ರೋಸ್ಕೈಸಿಸ್ ಬಹುಪಾಲು ಮನೆತನದಲ್ಲಿ ಹಿಂದೆ ಯಾರಿಗೂ ಇಲ್ಲದೆ ಬರುವಂಥದ್ದು. ಗಟ್ಟಿಯಾಗಿ ಗೊತ್ತಿರುವ ಸಂಬಂಧ ತಾಯಿಯ ವಯಸ್ಸು, ಇಪ್ಪತ್ತರ ಒಳಗಿನ ತಾಯಂದಿರಲ್ಲಿ ಇದು ಜಾಸ್ತಿ. ಬೀಡಿ ಸಿಗರೇಟಿನ ಹೊಗೆಯ ಪಾತ್ರವೂ ಕಂಡಿದೆ.

ಇನ್ನು ಕಳೆನಾಶಕ. ಹಾಸನದ ಮುಸುಕಿನ ಜೋಳದ ಹೊಲಗಳಿಗೆ ಹೊಡೆಯುವ ಅಟ್ರಜಿನ್ ಬಗ್ಗೆ ಅಮೆರಿಕದಲ್ಲಿ ಅಧ್ಯಯನ ಆಗಿದೆ. ಕೆಲವು ಸಂಬಂಧ ಇದೆ ಅಂದವು, ಕೆಲವು ಕಾಣಲಿಲ್ಲ. ಇದರಿಂದಲೇ ಆಯಿತು ಅಂತ ಒಂದು ಮಗುವಿನ ವಿಷಯದಲ್ಲಿ ಯಾರೂ ಹೇಳೋಕಾಗದು. ಆದರೂ ಬಸುರಿಯರನ್ನು ಔಷಧಿ ಹೊಡೆಯುವ ಕೆಲಸದಿಂದ ದೂರ ಇಡೋಕೆ ಬೇರೆ ಕಾರಣಗಳೇ ಬೇಕಾದಷ್ಟಿವೆ.

ಹೆರಿಗೆ ಎಲ್ಲಿ ಆಗಬೇಕು?

ನಿಜವಾದ ಜಗಳ ಇರೋದು ಇಲ್ಲಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿ 2011ರ ಜನಗಣತಿಯಲ್ಲಿ 29 ಲಕ್ಷ ಜನ. ಸಾವಿರಕ್ಕೆ ಹದಿನೈದು ಹೆರಿಗೆ ಅಂತ ಇಟ್ಟುಕೊಳ್ಳಿ, ಆಂಫಲೋಸೀಲ್, ಗ್ಯಾಸ್ಟ್ರೋಸ್ಕೈಸಿಸ್ ಒಂದೊಂದೂ ನಾಲ್ಕು ಸಾವಿರಕ್ಕೆ ಒಂದು ಅಂತ ಹೊರದೇಶದ ಲೆಕ್ಕ ಹಾಕಿ. ವರ್ಷಕ್ಕೆ ಎರಡೂ ಸೇರಿ ಇಪ್ಪತ್ತು ಮಕ್ಕಳ ಆಸುಪಾಸು ಬರುತ್ತದೆ. ಇದು ಬರೀ ಅಂದಾಜು, ಯಾರೂ ಎಣಿಸಿದ್ದಲ್ಲ.

ಪ್ರತಿ ಜಿಲ್ಲೆಯಲ್ಲೂ ನವಜಾತ ಶಿಶುಗಳ ಆಪರೇಷನ್ ಘಟಕ ಬೇಕು ಅನ್ನುವವರ ವಾದ ಸುಲಭವಾಗಿ ಅರ್ಥವಾಗುತ್ತದೆ. ಮೂಡಿಗೆರೆಯಿಂದ ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿ, ಸಕಲೇಶಪುರದಿಂದಾದರೆ ಶಿರಾಡಿ, ಶೃಂಗೇರಿ ಕೊಪ್ಪದಿಂದ ಮಣಿಪಾಲಕ್ಕೆ ಆಗುಂಬೆ. ಮಳೆಗಾಲದಲ್ಲಿ ಗುಡ್ಡ ಯಾವಾಗ ಕುಸಿಯುತ್ತದೋ. ಹಾಸನದಿಂದ ಬೆಂಗಳೂರಿಗೆ ರಸ್ತೆ ಚೆನ್ನಾಗಿದ್ದರೂ ಸುಮಾರು 180 ಕಿಲೋಮೀಟರ್. ಎದುರು ವಾದವೂ ಗಟ್ಟಿ. ವರ್ಷಕ್ಕೆ ಹತ್ತು ಮಕ್ಕಳನ್ನು ನೋಡುವ ಘಟಕದಲ್ಲಿ ನರ್ಸ್‌ಗಳ ಕೈ ಪಳಗುವುದಿಲ್ಲ, ರಕ್ತನಾಳದ ಆಹಾರ ತಯಾರಿಸೋಕೆ ದಿನವಿಡೀ ಜನ ಬೇಕು. ಕೆಲವೇ ಕಡೆ ಚೆನ್ನಾಗಿ ನಡೆಸೋದು ವಾಸಿ ಅಂತ.

ಈ ಎರಡರ ನಡುವೆ ನನಗೆ ಸರಿ ಕಾಣೋದು ಹೀಗೆ. ಸಾಗಿಸಬೇಕಾದರೆ ಮಗುವನ್ನಲ್ಲ, ಬಸುರಿಯನ್ನು ಸಾಗಿಸಿ. ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಸ್ಕ್ಯಾನ್‌ನಲ್ಲಿ ಗೊತ್ತಾದರೆ ಕೊನೆಯ ವಾರಗಳಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಂಥ ಕಡೆ ಮಗುವಿಗೆ ಜಾಗ ಗೊತ್ತುಮಾಡಿಕೊಂಡು ಅದರ ಹತ್ತಿರವೇ ಹೆರಿಗೆ, ಇಲ್ಲವೇ ಮಣಿಪಾಲದಂಥ ಕಡೆ ಎರಡೂ ಒಂದೇ ಸೂರಿನಡಿ. ಗ್ಯಾಸ್ಟ್ರೋಸ್ಕೈಸಿಸ್ ಅಂದ ತಕ್ಷಣ ಸಿಸೇರಿಯನ್ ಬೇಕಿಲ್ಲ, ಅದರಿಂದ ಮಗುವಿಗೆ ಲಾಭ ಅಂತ ಕಂಡುಬಂದಿಲ್ಲ. ಲಿವರ್ ಹೊರಗಿರುವ ದೊಡ್ಡ ಆಂಫಲೋಸೀಲ್‌ಗೆ ಮಾತ್ರ ಸಾಮಾನ್ಯವಾಗಿ ಸಿಸೇರಿಯನ್ ಮಾಡುತ್ತಾರೆ. ಆದರೆ ತೋಟದ ಲೈನ್ ಮನೆಯಲ್ಲಿರುವ, ದಿನಗೂಲಿಯ ಹೆಣ್ಣುಮಗಳು ಬೆಂಗಳೂರಿನಲ್ಲಿ ಎರಡು ಮೂರು ವಾರ ಎಲ್ಲಿ ಉಳೀಬೇಕು? ಯೋಜನೆ ಬರೆಯುವವರು ಮೊದಲು ಉತ್ತರ ಕೊಡಬೇಕಾದ್ದು ಇದಕ್ಕೆ.

ಮೊದಲೇ ಗೊತ್ತಾಗದೆ ತಾಲ್ಲೂಕು ಆಸ್ಪತ್ರೆಯಲ್ಲೇ ಹುಟ್ಟಿದರೆ? ಬೆಚ್ಚನೆ ಸಲೈನ್‌ನಲ್ಲಿ ಅದ್ದಿದ ಗಾಜ್, ಅದರ ಮೇಲೆ ಕಾಲಿನಿಂದ ಕಂಕುಳವರೆಗೆ ಶುದ್ಧ ಪ್ಲಾಸ್ಟಿಕ್ ಚೀಲ. ಮಗುವನ್ನು ಬಲ ಮಗ್ಗುಲಿಗೆ ಮಲಗಿಸಬೇಕು, ಕರುಳಿನ ಬುಡ ತಿರುಚದ ಹಾಗೆ. ಹೊಟ್ಟೆಗೆ ನಳಿಕೆ, ಡ್ರಿಪ್, ಆಂಟಿಬಯೋಟಿಕ್, ಮೈ ಬೆಚ್ಚಗೆ. ಹೊಕ್ಕುಳಬಳ್ಳಿಯ ಬುಡ ದಪ್ಪಗಿದ್ದರೆ ಕ್ಲಿಪ್ ದೂರ ಹಾಕಬೇಕು, ಒಳಗೆ ಕರುಳಿನ ಕುಣಿಕೆ ಇರಬಹುದು. ಆಮೇಲೆ 108. ಇಷ್ಟಾಗದೆ ಬರೀ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಮಗು ತಣ್ಣಗಾಗಿ ತಲುಪಿದರೆ ಯಾವ ಸರ್ಜನ್ ಏನು ಮಾಡಿಯಾರು?

ಸ್ಕ್ಯಾನ್ ದಿನಾಂಕ, ಕಾನೂನು, ದುಡ್ಡು

ಇದೆಲ್ಲ ನಡೆಯಬೇಕಾದರೆ 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಬಾರದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಬಸುರಿ ತಪಾಸಣೆಯಲ್ಲೇ ಈ ಸ್ಕ್ಯಾನ್‌ಗೆ ದಿನ ಗೊತ್ತುಮಾಡಿಸಿಕೊಳ್ಳಬಹುದು. ತಡವಾದರೆ ಇನ್ನೊಂದು ಇಕ್ಕಟ್ಟು. 2021ರ ತಿದ್ದುಪಡಿ ಪ್ರಕಾರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರದು. ಅದರ ಮೇಲೆ, ಮಗುವಿನಲ್ಲಿ ಗಂಭೀರ ದೋಷ ಇದ್ದರೆ ಮಾತ್ರ, ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. ಗ್ಯಾಸ್ಟ್ರೋಸ್ಕೈಸಿಸ್ ಒಂದೇ ಇದ್ದರೆ ಒಳ್ಳೆಯ ಕಡೆ ಹೆಚ್ಚಿನ ಮಕ್ಕಳು ಬದುಕುತ್ತಾರೆ. ಆಂಫಲೋಸೀಲ್ ಆದರೆ ಕ್ರೋಮೋಸೋಮ್ ಪರೀಕ್ಷೆ, ಹೃದಯದ ಸ್ಕ್ಯಾನ್ ಆಗದೆ ಯಾವ ಮಾತೂ ಆಡೋಕಾಗದು. ರಿಪೋರ್ಟ್ ನೋಡಿದ ಕೂಡಲೇ "ತೆಗೆಸಿಬಿಡಿ" ಅನ್ನುವವರ ಮಾತು ಕೇಳುವ ಮುಂಚೆ ಮಕ್ಕಳ ಸರ್ಜನ್ ಜೊತೆ ಒಂದು ಸಲ ಕೂತು ಮಾತಾಡಿಸಬೇಕು. ನಿರ್ಧಾರ ಆಮೇಲೆ ತಂದೆತಾಯಿಯದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ 1.5 ಲಕ್ಷ. ಆದರೆ ತಿಂಗಳುಗಟ್ಟಲೆ ತಪ್ಪುವ ಕೂಲಿ, ಆಸ್ಪತ್ರೆ ಹೊರಗಿನ ಊಟ, ಬಸ್ ಚಾರ್ಜ್ ಯಾವ ಪ್ಯಾಕೇಜಿನಲ್ಲೂ ಇಲ್ಲ. ಇನ್ನೊಂದು ವಿಚಿತ್ರ ನೋಡಿ. ಮಕ್ಕಳ ಹುಟ್ಟುದೋಷ ಹುಡುಕೋಕೆಂದೇ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ಒಂಬತ್ತು ತೊಂದರೆಗಳಿವೆ, ಸೀಳುತುಟಿ, ವಕ್ರಪಾದ, ಹೃದಯದ ತೊಂದರೆ ಹೀಗೆ. ಹೊಟ್ಟೆ ಮುಚ್ಚದಿರುವುದು ಅದರಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಎಣಿಸಲ್ಲ, ಎಣಿಸದ್ದಕ್ಕೆ ದುಡ್ಡೂ ತರಬೇತಿಯೂ ಬರಲ್ಲ.

ಮನೆಗೆ ಬಂದ ಮೇಲೆ

ಬದುಕಿ ಮನೆಗೆ ಬಂದ ಮಕ್ಕಳು ಬಹಳಷ್ಟು ಜನ ಮೊದಲ ಒಂದೆರಡು ವರ್ಷ ತೂಕದಲ್ಲಿ ಹಿಂದೆ ಬಿದ್ದು ಆಮೇಲೆ ಚೇತರಿಸಿಕೊಳ್ಳುತ್ತಾರೆ. ಗಂಡುಮಕ್ಕಳಲ್ಲಿ ವೃಷಣ ಕೆಳಗಿಳಿದಿದೆಯಾ ಅಂತ ನೋಡಿಸಬೇಕು. ಮುಲಾಮು ಹಚ್ಚಿ ಕಳಿಸಿದ ಮಗುವಿಗೆ ಡ್ರೆಸಿಂಗ್ ಬದಲಿಸೋದನ್ನು ತಾಯಿಗೆ ಕೈಹಿಡಿದು ಕಲಿಸಿಯೇ ಬಿಡುಗಡೆ ಮಾಡಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ ಒಂದು ಚೀಟಿ ತಲುಪಬೇಕು. ಪೊರೆ ಹರಿದರೆ, ಕೀವು ವಾಸನೆ ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಈ ಮಕ್ಕಳಲ್ಲಿ ಯಾರಿಗೇ ಆಗಲಿ, ಎಷ್ಟೇ ವರ್ಷ ಆಗಿರಲಿ, ಹೊಟ್ಟೆ ಉಬ್ಬಿ ಹಸಿರು ವಾಂತಿ ಆದರೆ ಒಳಗೆ ಕರುಳು ಅಂಟಿಕೊಂಡು ಸಿಕ್ಕಿಹಾಕಿಕೊಂಡಿರಬಹುದು. ಗ್ಯಾಸ್ ಇರಬೇಕು ಅಂತ ಗ್ರೈಪ್ ವಾಟರ್ ಕುಡಿಸಿ ಬೆಳಗಿನವರೆಗೆ ಕಾಯೋದು ಬೇಡ. ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ರಾತ್ರಿಯೇ ಹೊರಡಿ, ಡ್ಯೂಟಿ ಡಾಕ್ಟರಿಗೆ ಮೊದಲು ಆ ಕಾಗದ ತೋರಿಸಿ.